ಬಿಸ್ಮಿಲ್ಲಾ ಬಣ್ಣ ಹಚ್ಚದೆ ಬಿಟ್ಟ ಸೊಂಡಿಲು

ಚನ್ನಪಟ್ಟಣದ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಿಸ್ಮಿಲ್ಲಾ ಅವರ ಮರ ಕಡೆಯುವ ಲೇತು ಆಗಲೇ ತಿರುಗುತ್ತಿದೆ. ಹಾಲೆಮರದ ತುಂಡಿನಿಂದ ಆನೆಯೊಂದರ ದುಂಡುಹೊಟ್ಟೆ ಎದ್ದು ಬರುತ್ತಿದೆ. ಸುತ್ತುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ; ಕಾವಿಗೆ ಕರಗಿ ಕೆಂಪು ಹತ್ತಿಕೊಳ್ಳುತ್ತದೆ. ತಾಳೆಗರಿ ಉಜ್ಜಿದರೆ ಮಿರಮಿರ.

ಗಂಡ ತೀರಿಕೊಂಡ ಮೇಲೆ ಲೇತು ಇವರ ಕೈಗೆ ಬಂತು. ದಿನಕ್ಕೆ ಇನ್ನೂರು ಚಕ್ರ, ಎಲ್ಲವೂ ಬೇರೆಯವರು ಮಾಡುವ ಆಟಿಕೆ ಬಂಡಿಗೆ. ಅಂಗಡಿಯ ಗಾಜಿನ ಮುಂದೆ ನಿಂತು ಆಹಾ ಅನ್ನುವ ನಾವು, ಇದನ್ನು ಮಾಡಿದವರು ಯಾರು ಅಂತ ಒಂದು ದಿನವಾದರೂ ಕೇಳಿದ್ದೇವಾ? ನಾಚಿಕೆಯಾಗಬೇಕು.

ಈ ಆನೆ ಮಾತ್ರ ಅವರದೇ ಕಲ್ಪನೆ. ಹೊಟ್ಟೆಯಲ್ಲಿ ಪುಟ್ಟ ಬಲ್ಬು, ಸೊಂಡಿಲಿಗೆ ಗಾಜಿನಂಥ ಅಕ್ರಿಲಿಕ್ ಕಡ್ಡಿ. ಬೆಳಕು ಕಡ್ಡಿಯೊಳಗೇ ಸಾಗಿ ಸೊಂಡಿಲ ತುದಿಯಲ್ಲಿ ಹೊಳೆಯಬೇಕು. ಬೊಂಬೆ ಅಂಗಡಿಯ ಚೆಲುವಯ್ಯ ಎರಡು ಸಲ ವಾಪಸ್ ಕಳಿಸಿದ್ದಾರೆ. ಇವತ್ತೂ ಒಪ್ಪದಿದ್ದರೆ ಮತ್ತೆ ಚಕ್ರವೇ ಗತಿ.

ಮೊದಲನೆಯ ಕಡ್ಡಿಯನ್ನು ಮೊಣಕೈಯಂತೆ ಮಡಚಿದ್ದರು. ಬೆಳಕು ಆ ತಿರುವಿನಲ್ಲೇ ಸೋರಿತು. ಎರಡನೆಯದನ್ನು ಕಾಯಿಸಿ ಅಗಲವಾಗಿ ಬಾಗಿಸಿದರು. "ಬರಿಮೈಲಿದ್ದಾಗ ಚೆಂದಾಗೇ ಹೊಳೀತಿತ್ತು. ಅಭ್ಯಾಸ ನೋಡಪ್ಪಾ, ಅದಕ್ಕೂ ಅರಗು ಬಳಿದ್ಬುಟ್ಟೆ! ಬಣ್ಣ ಹಾಕ್ದಿದ್ರೆ ನಂಗೆ ಕೈ ತುರಿಸ್ತದೆ," ಅಂತ ನನ್ನತ್ತ ನೋಡಿ ನಗುತ್ತಾರೆ. ನುಣುಪಾದ ಬರಿಮೈಗೆ ಓರೆಯಾಗಿ ಬಡಿದ ಬೆಳಕು ಹೊರಹೋಗದೆ ಒಳಕ್ಕೇ ಪುಟಿಯುತ್ತದೆ. ಅರಗು ಅಂಟಿದ್ದರೆ ಅದರೊಳಕ್ಕೆ ನುಸುಳಿ ಅಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಈ ಸಲ ಹೊಸ ಕಡ್ಡಿ, ಬಣ್ಣವಿಲ್ಲ.

ಬೆಳಗಾಗುತ್ತಿದ್ದಂತೆ ಚೆಲುವಯ್ಯ ಬಾಗಿಲಲ್ಲಿ. "ಏನಮ್ಮೋ, ಸೊಂಡ್ಲಿಗೆ ಬಣ್ಣ ಸಾಲ್ದೆ ಬಂತಾ? ಹಿಂಗೆ ಬೋಳಾಗಿದ್ರೆ ಚನ್ನಪಟ್ಣದ್ದು ಅಂದಾರಾ?"

"ಒಸಿ ಬಾಯ್ಮುಚ್ಕೊಂಡು ಸ್ವಿಚ್ ಒತ್ತಣ್ಣ."

ಒತ್ತುತ್ತಾರೆ. ಸೊಂಡಿಲ ತುದಿಯಲ್ಲಿ ಬೆಳಕಿನ ಹನಿಯೊಂದು ಬಂದು ಕೂರುತ್ತದೆ. ಚೆಲುವಯ್ಯ ಆನೆಯನ್ನು ತಲೆಕೆಳಗು ಮಾಡಿ ಹುಡುಕುತ್ತಾರೆ. "ಸೊಂಡ್ಲೊಳ್ಗೆ ತಂತಿ ಎಲ್ಲೈತೆ?"

"ತಂತಿ ಇಲ್ಲ. ಬೆಳಕೇ ಆ ಗೋಡೆಗೆ ಈ ಗೋಡೆಗೆ ಬಡ್ಕೊಂಡು ಹೋಯ್ತದೆ, ನಮ್ಮೋಣೀಲಿ ನಿನ್ ಸ್ಕೂಟರ್ ಹೋದಂಗೆ!"

ಚೆಲುವಯ್ಯನಿಗೂ ನಗು ತಡೆಯುವುದಿಲ್ಲ. "ಅಂಗ್ಡಿ ಗಾಜಿನೊಳ್ಗೆ ಮುಂದ್ಗಡೆನೇ ಇಡ್ತೀನಿ ಬುಡು," ಎಂದು ಆನೆಯನ್ನು ಕಂಕುಳಿಗೆ ಸೇರಿಸುತ್ತಾರೆ.

ಅದರ ಮೇಲೆ ನಿಮ್ಮ ಹೆಸರು ಬರೆಸಬೇಡವೇ ಎಂದು ಕೇಳುತ್ತೇನೆ. ಬಿಸ್ಮಿಲ್ಲಾ ಸೆರಗಿನಿಂದ ಮುಖಕ್ಕೆ ಹತ್ತಿದ ಮರದ ಹೊಟ್ಟು ಒರೆಸಿಕೊಳ್ಳುತ್ತಾರೆ.

"ಬರೆಸ್ಲಿ, ಯಾಕ್ಬ್ಯಾಡ? ಹೊಟ್ಟೆ ಮೇಲೆ ದೊಡ್ಡದಾಗೇ ಬರೆಸ್ಲಿ. ಸೊಂಡ್ಲ ಮೇಲೆ ಮಾತ್ರ ಬ್ಯಾಡಪ್ಪ, ಬೆಳಕು ಸೋರೋಯ್ತದೆ."