ತವರಿನ ಸೀರೆ ಬರುವವರೆಗೆ

ಅವ್ವ ತೀರಿಕೊಂಡ ಬೆಳಿಗ್ಗೆ ಚಾಮರಾಜನಗರದ ನಮ್ಮ ಮನೆಯಲ್ಲಿದ್ದವರು ಮೂವರೇ: ನಾನು, ನನ್ನ ತಂಗಿ, ಚಿಕ್ಕಮ್ಮ. ಆಗ ಏಳು ಗಂಟೆ.

ಅವ್ವ ಕಣ್ಣು ದಾನಕ್ಕೆ ಹೆಸರು ಬರೆಸಿದ್ದಳು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಶಿಬಿರಕ್ಕೆ ಹೋದವಳು ಅಲ್ಲೇ ಸಹಿ ಹಾಕಿ ಬಂದು, ಕಾರ್ಡನ್ನು ಬೀದಿಗೆಲ್ಲ ತೋರಿಸಿದ್ದಳು. "ಮುಂದ್ಲ ಜಲ್ಮದಲ್ಲಿ ಕುರುಡಿಯಾಗಿ ಉಟ್ಟೀಯೆ ಕಣಕ್ಕ" ಎಂದು ಚಿಕ್ಕಮ್ಮ ಹೆದರಿಸಿದರೆ, "ಉಟ್ಟುದ್ರೆ ನೀನು ಕೈ ಇಡ್ಕಂಡು ನಡಸು. ಈ ಜಲ್ಮದಲ್ಲಿ ನಿನ್ನ ನಾನು ನಡಸ್ನಿಲ್ವ?" ಎಂದು ನಕ್ಕಿದ್ದಳು.

ತಂಗಿ ಆ ಕಾರ್ಡು ಹಿಡಿದು ಬಂದು, "ಫೋನ್ ಮಾಡ್ಲಾ ಅಣ್ಣಾ?" ಎಂದಳು. ಚಿಕ್ಕಮ್ಮ ತಡೆದರು. "ತವರಿನ ಸೀರೆ ಬೀಳ್ದೆ ಯಾರೂ ಮೈ ಮುಟ್ಬಾರ್ದು ಕಣಮ್ಮಿ. ನಿಮ್ಮ ಮಾವ ಬಂದು ಮೊಕ ನೋಡ್ಲಿ." ನಮ್ಮ ಕಡೆ ಮದುವೆಯಾದ ಹೆಣ್ಣು ಸತ್ತರೆ, ತವರಿನವರು ತಂದ ಸೀರೆ ಹೊದಿಸದೆ ಮುಂದಿನ ಯಾವ ಕೆಲಸವೂ ಇಲ್ಲ. ನಾನೂ ತಲೆಯಾಡಿಸಿದೆ. ಹೆಸರು ಪಟ್ಟಿಯಲ್ಲಿದೆಯಲ್ಲ, ಅವರಿಗೇ ಗೊತ್ತಾಗುತ್ತದೆ, ಬರುತ್ತಾರೆ ಎಂದುಕೊಂಡೆ.

ಅವ್ವನ ಅಣ್ಣ ಭೀಮನಬೀಡಿನವರು. ನಾವು ಸುದ್ದಿ ಮುಟ್ಟಿಸಿದಾಗ ಶುಂಠಿ ಹೊಲದ ಕೆಲಸಕ್ಕೆಂದು ಕೇರಳದಲ್ಲಿದ್ದರು. ಗಡಿ ದಾಟಿ, ಗುಂಡ್ಲುಪೇಟೆಯಲ್ಲಿ ಇಳಿದು ಸೀರೆ ಕೊಂಡು, ಇನ್ನೊಂದು ಬಸ್ಸು ಹಿಡಿದು ನಮ್ಮ ಮನೆ ಸೇರಿದಾಗ ಮಧ್ಯಾಹ್ನ ಎರಡು ದಾಟಿತ್ತು. ಅವರು ಸೀರೆ ಹೊದಿಸಿದ ಮೇಲೆ ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಿದೆ.

"ಪ್ರಾಣ ಹೋಗಿ ಎಷ್ಟೊತ್ತಾಯ್ತು?" ಆ ಕಡೆಯ ಹೆಣ್ಣುಮಗಳು ಮೆಲ್ಲಗೆ ಕೇಳಿದಳು. ಹೇಳಿದೆ. "ಪ್ರಾಣ ಹೋದ ಆರು ಗಂಟೆ ಒಳಗೆ ಕಣ್ಣು ತೆಗೀಬೇಕು ಸರ್, ಈಗ ಹೊತ್ತು ಮೀರಿದೆ. ಹೆಸರೇನೋ ನಮ್ಮ ಹತ್ರ ಇರುತ್ತೆ, ತೀರಿಕೊಂಡಿದ್ದು ನಮಗೆ ಹೇಗೆ ಗೊತ್ತಾಗ್ಬೇಕು? ಮನೆಯವ್ರೇ ತಿಳಿಸ್ಬೇಕು, ಮನೆಯವ್ರೇ ಒಪ್ಪಿಗೆ ಸಹಿ ಹಾಕ್ಬೇಕು."

ವಿಷಯ ತಿಳಿದ ಮಾವ ನಮ್ಮ ಕಡೆ ತಿರುಗಿದರು. "ನನಗೆ ಕಾಯ್ದು ಅವಳ ಮಾತ ಕೆಡಿಸ್ಬುಟ್ರಲ್ಲೋ! ನಾನೇನು ಬ್ಯಾಡ ಅಂತಿದ್ನಾ?" ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ತಂಗಿಯ ಮುಖ ನೋಡಲಾಗಲಿಲ್ಲ. ಸಂಜೆ ಅವ್ವನನ್ನು ಅವಳ ಕಣ್ಣುಗಳ ಸಮೇತ ಮಣ್ಣು ಮಾಡಿ ಬಂದೆವು.

ಸಮಾಧಿಗೆ ಹಾಲು ತುಪ್ಪ ಬಿಡುವ ದಿನ ಬಂದ ಮಾವ ತಾವೂ ಕಣ್ಣು ದಾನಕ್ಕೆ ಹೆಸರು ಬರೆಸಿದರು. ತಮ್ಮ ಮಗಳನ್ನು ಕರೆದು, "ಮೊದ್ಲು ಫೋನ್ ಮಾಡು, ಆಮೇಲೆ ಅಳೀವಂತೆ" ಅಂದರು.

ಹೋದ ವರ್ಷ ಅವರು ತೀರಿಕೊಂಡರು. ನಾನು ಭೀಮನಬೀಡು ಮುಟ್ಟುವ ಹೊತ್ತಿಗೆ ಕಣ್ಣಿನ ಬ್ಯಾಂಕಿನವರು ಬಂದು ಹೋಗಿದ್ದರು.