ಕಪ್ಪು ಕಡುಬು

ನಾನು ಚಿಕ್ಕವಳಿದ್ದಾಗ ನಮ್ಮ ಶಾಲೆಯಲ್ಲಿ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಮೇಷ್ಟ್ರು ಮಾತ್ರ. ನಮ್ಮ ನಮ್ಮಲ್ಲಿ ಅವರವರ ಮನೆಯ ಊಟವೇ ಹೆಸರು. ಕೇರಳದಿಂದ ಬಂದ ನರ್ಸಮ್ಮನ ಮಗಳು 'ಮೀನು'. ಬಟ್ಟೆ ಅಂಗಡಿಯ ಮಾರ್ವಾಡಿ ಹುಡುಗಿ 'ಚಪಾತಿ'. ಕುಣಿಗಲ್ ಸೀಮೆಯ ಹಳ್ಳಿಯಿಂದ ತುಮಕೂರಿಗೆ ಬಂದು ಸೇರಿ, ಶಾಲೆಗೂ ಮುದ್ದೆಯನ್ನೇ ಕಟ್ಟಿಕೊಂಡು ಬರುತ್ತಿದ್ದ ನನ್ನ ಅಕ್ಕ 'ಮುದ್ದೆ'. ನಾನು ಅವಳಿಗಿಂತ ಚಿಕ್ಕವಳಾದ್ದರಿಂದ 'ಮರಿಮುದ್ದೆ'. ನರ್ಸಮ್ಮನ ಮಗಳು ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆದರೂ ಅವಳ ಹೆಸರು ಬದಲಾಗಲಿಲ್ಲ.

ಎಲ್ಲರಿಗಿಂತ ಕೆಟ್ಟ ಹೆಸರು ಸಿಕ್ಕಿದ್ದು ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಗೆ. ಅವಳು 'ಕಪ್ಪೆ'. ಅವಳ ತಾಯಿ ತಂದೆ ಇಬ್ಬರೂ ಚೀನಾದವರು. ತಂದೆ ನಮ್ಮ ಬೀದಿಯ ತುದಿಯಲ್ಲಿ ಹಲ್ಲು ಕಟ್ಟುವ ಅಂಗಡಿ ಇಟ್ಟಿದ್ದರು, ಊರಿಗೆ ಅವರು ಹಲ್ಲಿನ ಡಾಕ್ಟರು. ಬಾಗಿಲ ಮೇಲಿನ ಹಲಗೆಯಲ್ಲಿ ಎರಡು ಸಾಲು ಹಲ್ಲು ಬರೆಸಿದ್ದರು; ಮುಖವಿಲ್ಲದೆ ಬರೀ ನಗು. ಚೀನಾದವರು ಕಪ್ಪೆ ತಿನ್ನುತ್ತಾರೆ, ಹಾವು ತಿನ್ನುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗಿ ಹುಟ್ಟಿದ್ದು ತುಮಕೂರಿನಲ್ಲೇ. ನಮ್ಮ ಹಾಗೇ 'ಏನೇ, ಬಾರೇ' ಅನ್ನುತ್ತಿದ್ದಳು. ಮುದ್ದೆಗೂ ಕಪ್ಪೆಗೂ ಬೇರೆ ಯಾರೂ ಜೊತೆ ಸಿಗದೆ ಇಬ್ಬರೂ ಗೆಳತಿಯರಾದರು.

ಅವಳು ಮೊದಲ ಸಲ ನಮ್ಮ ಮನೆಯಲ್ಲಿ ಊಟಕ್ಕೆ ಕೂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹುರುಳಿ ಸಾರಿನ ಬಿಸಿ ಆವಿ, ತಟ್ಟೆಯಲ್ಲಿ ಹೊಳೆಯುವ ಮುದ್ದೆ. ಅವಳು ಒಂದು ತುತ್ತು ಬಾಯಿಗಿಟ್ಟು ಪಚಪಚ ಅಗಿಯತೊಡಗಿದಳು. ಹಿಟ್ಟು ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬಾರ್ದು ಕಣ್ ಮಗ, ನುಂಗ್ಬೇಕು!" ಎಂದು ಅಜ್ಜಿ ನಕ್ಕಿದ್ದೇ ನಕ್ಕಿದ್ದು. ನಗುವಿನಲ್ಲಿ ಅವಳ ಹಲ್ಲಿನ ಸೆಟ್ಟು ಜಾರಿ ಮಡಿಲಿಗೆ ಬಿತ್ತು. ಆ ಸೆಟ್ಟು ಮಾಡಿಕೊಟ್ಟಿದ್ದು ಆ ಹುಡುಗಿಯ ತಂದೆಯೇ. ಈ ಕಥೆ ಕೇಳಿದ ಡಾಕ್ಟರು, "ಎಲ್ರೂ ನುಂಗೋ ಊರಲ್ಲಿ ಬಂದು ಹಲ್ಲಿನಂಗಡಿ ಇಟ್ಟೆ ನೋಡಿ. ನನಗೆ ಬುದ್ಧಿ ಎಲ್ಲಿದೆ?" ಅಂದರಂತೆ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಹಿತ್ತಾಳೆ ಡಬ್ಬಿ ಓಡಾಡುತ್ತಿತ್ತು. ಹಬ್ಬ ಬಂದರೆ ಅಮ್ಮ ಅದರಲ್ಲಿ ಕಡುಬೋ ತಂಬಿಟ್ಟೋ ತುಂಬಿ ಕಳಿಸುತ್ತಿದ್ದಳು. ಹಾಗೆ ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂಬುದು ನಮ್ಮ ಕಡೆಯ ರೂಢಿ. ಗೆಳತಿಯ ತಾಯಿ ಅದನ್ನು ಬೇಗ ಕಲಿತರು. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದನ್ನೂ ಕಲಿತರು: ಆ ಮನೆಯಿಂದ ಬೇಯಿಸಿದ್ದು ಬರಬಾರದು. ಡಬ್ಬಿಯಲ್ಲಿ ಸಕ್ಕರೆ ಬರುತ್ತಿತ್ತು, ಬಾಳೆಹಣ್ಣು ಬರುತ್ತಿತ್ತು, ಒಣದ್ರಾಕ್ಷಿ ಬರುತ್ತಿತ್ತು. ಒಲೆಯ ಮೇಲಿಟ್ಟದ್ದು ಯಾವುದೂ ಬರುತ್ತಿರಲಿಲ್ಲ.

"ಅವ್ರು ಮಾಡಿದ ಹಲ್ಲು ಬಾಯಲ್ಲಿಟ್ಕೊಂತೀಯ, ಅವ್ರು ಮಾಡಿದ ಅನ್ನ ಆಗಲ್ವಾ?" ಎಂದು ಅಕ್ಕ ಒಮ್ಮೆ ಅಜ್ಜಿಯನ್ನು ಕೇಳಿದ್ದಳು.

"ಹಲ್ಲೇ ಬ್ಯಾರೆ, ಅನ್ನವೇ ಬ್ಯಾರೆ ಕಣವ್ವ. ಕಪ್ಪೆ ಬೇಯ್ಸಿದ್ ಮಡಕೇಲಿ ಬೇಯ್ಸಿದ್ದ ತಿನ್ನಾಕಾಯ್ತದಾ?"

"ನೀನು ನೋಡಿದ್ಯಾ?"

"ನೋಡ್ಬೇಕಾ? ಊರೇ ಹೇಳ್ತದೆ, ಬುಡು."

ಆ ವರ್ಷ ದಸರಾ ಮುಗಿದ ಮೇಲೆ ಅಮ್ಮ ಡಬ್ಬಿಯ ತುಂಬ ರಾಗಿ ಹಿಟ್ಟು ಕಳಿಸಿದಳು. ಹುಡುಗಿಗೆ ಮುದ್ದೆಯ ಆಸೆ, ಮನೆಯಲ್ಲೇ ಮಾಡಿಕೊಳ್ಳಲಿ ಎಂದು. ಅಷ್ಟರಲ್ಲೇ ಚೀನಾದ ಜೊತೆ ಯುದ್ಧ ಶುರುವಾಯಿತು. ಡಬ್ಬಿ ಅಲ್ಲೇ ಉಳಿಯಿತು.

ಯುದ್ಧ ಎಲ್ಲೋ ದೂರದ ಹಿಮದ ಬೆಟ್ಟಗಳಲ್ಲಿ ನಡೆಯುತ್ತಿತ್ತು. ನಮ್ಮ ಬೀದಿಗೆ ಬಂದದ್ದು ಮಾತು. ಹೋಟೆಲಿನ ಮುಂದೆ ಮಲಗುತ್ತಿದ್ದ ಕಂದು ನಾಯಿ ಕಾಣೆಯಾಯಿತು. ಹಲ್ಲಿನ ಡಾಕ್ಟರ ಮನೆಯಲ್ಲಿ ಅದನ್ನು ಬೇಯಿಸಿದರು ಎಂದರು. ನಾಯಿ ಯಾರದೋ ಕೊಟ್ಟಿಗೆಯಲ್ಲಿ ಮರಿ ಹಾಕಿತ್ತು, ಕೆಲವು ದಿನಗಳಲ್ಲಿ ಬಡಕಲಾಗಿ ಬಂದು ಅದೇ ಜಾಗದಲ್ಲಿ ಮಲಗಿತು. ಹೊರಟ ಮಾತು ಮಾತ್ರ ಹಿಂದಕ್ಕೆ ಬರಲಿಲ್ಲ. ಯಾರೋ ಕಲ್ಲೆಸೆದು ಹಲಗೆಯ ಮೇಲಿನ ನಗುವನ್ನು ಒಡೆದರು. ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತ, ಯಾರನ್ನೂ ಗದರಿದವರಲ್ಲ. "ಆ ಕಡೆ ಹೋಗ್ಬೇಡ್ರಮ್ಮ, ಕಾಲ ಸರಿಯಿಲ್ಲ" ಎಂದಷ್ಟೇ ಹೇಳಿ ತಲೆ ತಗ್ಗಿಸಿಕೊಂಡು ಕಚೇರಿಗೆ ಹೋದರು. ಡಾಕ್ಟರು ಅಂಗಡಿ ಮುಚ್ಚಿದರು. ಮದ್ರಾಸಿನಲ್ಲಿದ್ದ ನೆಂಟರ ಮನೆಗೆ ಹೊರಟರು.

ಅವರು ಹೊರಟ ದಿನ ಮಂಗಳವಾರ ಎಂದು ನನ್ನ ನೆನಪು. ಶುಕ್ರವಾರ ಎಂದು ಅಕ್ಕ ಕೊನೆಯವರೆಗೂ ವಾದಿಸುತ್ತಿದ್ದಳು. ವಾರ ಯಾವುದಾದರೂ ಇರಲಿ. ಮಧ್ಯಾಹ್ನ ನಮ್ಮ ಹಿತ್ತಿಲ ಬಾಗಿಲಲ್ಲಿ ಗೆಳತಿ ಬಂದು ನಿಂತಳು. ಕೈಯಲ್ಲಿ ಹಿತ್ತಾಳೆ ಡಬ್ಬಿ. ಹುಣಸೆಹಣ್ಣು ಹಾಕಿ ಉಜ್ಜಿದ್ದರು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ತಳ ಇನ್ನೂ ಬಿಸಿ ಇತ್ತೋ ಏನೋ, ಲಂಗದ ಅಂಚನ್ನು ಕೆಳಗಿಟ್ಟು ಹಿಡಿದಿದ್ದಳು.

"ಅಂಗಡೀಲಿ ಸಕ್ಕರೆ ಕೊಡ್ಲಿಲ್ಲ ಕಣೇ. ನಿಮಗೆಲ್ಲ ಇಲ್ಲ ಹೋಗಿ ಅಂದ್ರು. ಖಾಲಿ ಡಬ್ಬಿ ಕೊಡಬಾರ್ದಲ್ವಾ? ಅದಕ್ಕೆ ಅಮ್ಮ ಮಾಡಿದಾಳೆ."

"ಏನೇ ಮಾಡಿರೋದು?"

"ಹೇಳಲ್ಲ. ತಿಂದು ಬಂದು ಹೇಳು, ಹೆಂಗಿತ್ತು ಅಂತ. ಜಟಕಾ ಬರೋದ್ರೊಳಗೆ ಬಾರೇ. ಅಮ್ಮ ಕಾಯ್ತಿರ್ತಾಳೆ."

ಅಕ್ಕ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ನೀರಿಗೆ ಹೋಗಿದ್ದ ಅಮ್ಮ ಬರಲಿ ಎಂದು ಬೀದಿಯ ಕಡೆ ಹೋದಳು. ಅಜ್ಜಿ ಮುಚ್ಚಳ ತೆಗೆದಳು. ಒಳಗೆ ಕಪ್ಪಗೆ, ನುಣ್ಣಗೆ, ಎಣ್ಣೆಯ ಪಸೆಯಲ್ಲಿ ಹೊಳೆಯುತ್ತ ಏನೋ ಒಂದಕ್ಕೊಂದು ಅಂಟಿ ಕೂತಿದ್ದವು. ಅಂಚುಗಳನ್ನು ಚಿವುಟಿ ಸೇರಿಸಿದ್ದರು. ಅದು ಸಣ್ಣ ಸಣ್ಣ ಬೆರಳುಗಳ ಹಾಗೆ ಕಾಣುತ್ತಿತ್ತು.

"ಅಯ್ಯೋ! ಕಪ್ಪೆ ಮರಿ ಇದ್ದಂಗವೆ ಕಣವ್ವ!"

ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋದಳು. ಒಲೆಯ ಬೂದಿ ಸುರಿಯುವ ತಿಪ್ಪೆಯ ಮೇಲೆ ಡಬ್ಬಿಯನ್ನು ಬೋರಲು ಹಾಕಿ ತಟ್ಟಿದಳು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅಕ್ಕ, ಅಮ್ಮ ಬಂದಾಗ ಕಾಗೆಗಳು ಸೇರಿದ್ದವು. ಅಕ್ಕ ಕೂಗಿಕೊಂಡು ಓಡಿದಳು. ಒಂದು ಒಡೆದು ಬಿದ್ದಿತ್ತು. ಒಳಗೆ ಬಿಳಿಯ ಕಾಯಿತುರಿ, ಕೆಂಪು ಬೆಲ್ಲ. ಗೌರಿ ಹಬ್ಬಕ್ಕೆ ಅಮ್ಮ ಕಳಿಸುತ್ತಿದ್ದ ಕಡುಬಿನ ಹೂರಣವೇ. ಅಮ್ಮ ಕೊಡ ಇಳಿಸಿ, ಬಾಗಿ, ಒಂದು ಚೂರನ್ನು ಬೆರಳಲ್ಲಿ ಉಜ್ಜಿ ಮೂಸಿದಳು.

"ರಾಗಿ ಕಣೇ ಇದು. ನಮ್ಮ ರಾಗಿ."

ಕುಣಿಗಲ್ ಕಡೆಯ ನಮ್ಮ ಹೊಲದ ರಾಗಿ, ಅಜ್ಜಿಯೇ ಕೇರಿ ಬೀಸಿದ್ದು. ಹುಟ್ಟಿದಾಗಿನಿಂದ ಅದನ್ನೇ ತಿಂದವಳಿಗೆ ಅದರ ಗುರುತು ಸಿಕ್ಕಿರಲಿಲ್ಲ. ಇನ್ನೊಬ್ಬರ ಕೈಯಲ್ಲಿ ಬೇರೆ ಆಕಾರ ಪಡೆದು ಬಂದಿತ್ತಲ್ಲ, ಅದಕ್ಕೇ.

"ನಂಗೇನ್ ಗೊತ್ತು," ಅಂದಳು ಅಜ್ಜಿ. "ಕರ್ರಗಿತ್ತು."

ಬೀದಿಯ ತುದಿಯಲ್ಲಿ ಜಟಕಾ ಕುದುರೆಯ ಗೆಜ್ಜೆ ಕೇಳಿಸಿತು. ಅಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಕ್ಕ ತಿಪ್ಪೆಯಿಂದ ಇಡೀ ಉಳಿದಿದ್ದ ಒಂದು ಕಡುಬನ್ನು ಎತ್ತಿಕೊಂಡಳು. ಲಂಗಕ್ಕೆ ಒರೆಸಿದಳು, ಊದಿದಳು, ಬಾಯಿಗಿಟ್ಟಳು. ನುಂಗಲಿಲ್ಲ, ಅಗಿದಳು. ಬೂದಿ ಹಲ್ಲಿಗೆ ಸಿಕ್ಕಿ ಕರಕರ ಅನ್ನುತ್ತಿತ್ತು. ಬಾಯಿ ಒರೆಸಿಕೊಳ್ಳದೆ ಓಡಿದಳು, ಅವಳ ಹಿಂದೆ ನಾನು.

ಜಟಕಾದಲ್ಲಿ ಟ್ರಂಕುಗಳನ್ನು ಏರಿಸಿಯಾಗಿತ್ತು. ಡಾಕ್ಟರು ಮುಂದೆ ಕೂತು ಕುದುರೆಯ ಕಿವಿಗಳನ್ನೇ ನೋಡುತ್ತಿದ್ದರು. ಗೆಳತಿ ಕೆಳಗೆ ಜಿಗಿದಳು.

"ತಿಂದ್ಯೇನೇ?"

"ಹೂಂ."

"ಎಲ್ರೂ?"

ಅಕ್ಕ ತಲೆಯಾಡಿಸಿದಳು. "ಎಲ್ರೂ."

"ಸಿಹಿ ಸಾಕಾಯ್ತಾ?" ಎಂದು ಗೆಳತಿಯ ತಾಯಿ ಕೇಳಿದರು. ಆಕೆ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಷ್ಟು ಮಾತನ್ನು ಇದಕ್ಕೆಂದೇ ಕಲಿತು ಇಟ್ಟುಕೊಂಡಿದ್ದರೋ ಏನೋ.

"ಸಾಕಾಯ್ತಮ್ಮ. ಚೆನ್ನಾಗಿತ್ತು."

ಆಕೆ ನಕ್ಕು, ಕೈ ಚಾಚಿ, ಅಕ್ಕನ ತುಟಿಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು. ಬೆರಳಿಗೆ ಬೂದಿ ಅಂಟಿತು. ಬೆರಳನ್ನು ನೋಡಿದರು. ನಮ್ಮ ಮನೆಯ ಕಡೆ ನೋಡಿದರು. ಜಟಕಾ ಹೊರಟಿತು. ಅವರ ಒಂದು ಸುದ್ದಿಯೂ ಮತ್ತೆ ನಮಗೆ ಬರಲಿಲ್ಲ.

ಮೊಮ್ಮಕ್ಕಳೇ, ಇಷ್ಟನ್ನು ಹೀಗೆ ನಡೆಯಿತು ಎಂದು ಬರೆದೆ. ಆದರೆ ಪೂರ್ತಿ ನಂಬಬೇಡಿ. ಅಕ್ಕ ಮುದುಕಿಯಾದ ಮೇಲೆ ಒಂದು ದಿನ, "ತಿಪ್ಪೆ ಮೇಲಿಂದ ತಿಂದೋಳು ನೀನು ಕಣೇ. ಆಯಮ್ಮ ಒರೆಸಿದ್ದು ನಿನ್ನ ಬಾಯಿ. ನನಗೆ ತಿನ್ನೋ ಧೈರ್ಯ ಎಲ್ಲಿತ್ತು, ಬರೀ ಸುಳ್ಳು ಹೇಳ್ದೆ" ಅಂದಳು. ನಾನು ಬಲವಾಗಿ ಅಲ್ಲವೆಂದೆ. ಈಗ ಅಕ್ಕ ಇಲ್ಲ, ಕೇಳಲು ಬೇರೆ ಯಾರೂ ಇಲ್ಲ. ಬೆಲ್ಲದ ಜೊತೆ ಬೂದಿ ಕಡಿದ ರುಚಿ ಮಾತ್ರ ನನ್ನ ನಾಲಿಗೆಯಲ್ಲಿ ಇದೆ. ತಿನ್ನದವಳ ನಾಲಿಗೆಗೆ ಅದು ಹೇಗೆ ಬಂತು? ಅಜ್ಜಿ ಆ ದಿನದ ಮೇಲೆ ಹಲ್ಲಿನ ಸೆಟ್ಟು ಹಾಕಿಕೊಂಡದ್ದನ್ನು ನಾನು ನೋಡಿಲ್ಲ ಎಂದು ಬರೆಯಲು ಹೊರಟಿದ್ದೆ. ಅದೂ ಖಚಿತವಿಲ್ಲ. ಹಾಕಿಕೊಳ್ಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದೇ ನೆನಪಾಗಿ ಕೂತಿರಬಹುದು.

ನಿಮ್ಮ ಕಾಲ ಬೇರೆ. ನೀವು ನೂಡಲ್ಸ್ ತಿನ್ನುತ್ತೀರಿ, ಗೋಬಿ ಮಂಚೂರಿ ತಿನ್ನುತ್ತೀರಿ. ನಮ್ಮ ಮನೆಯಲ್ಲಿ ಯಾರ ಅಡುಗೆ ಒಳಗೆ ಬರುವಂತಿರಲಿಲ್ಲವೋ ಅವರ ಅಡುಗೆಗೆ ನೀವು ಸಂಜೆ ಸಾಲು ನಿಲ್ಲುತ್ತೀರಿ. ಮೊನ್ನೆ ನನ್ನನ್ನೂ ಬಸ್ ಸ್ಟ್ಯಾಂಡಿನ ಹತ್ತಿರ ಮೋಮೋ ಗಾಡಿಗೆ ಕರೆದುಕೊಂಡು ಹೋದಿರಿ. ಮಣಿಪುರದ ಕಡೆಯ ಆ ಹುಡುಗ ಹಬೆಯಿಂದ ತೆಗೆದು ತಟ್ಟೆಯಲ್ಲಿಟ್ಟ. ಅಂಚುಗಳನ್ನು ಚಿವುಟಿ ಸೇರಿಸಿದ್ದ. ನೋಡಿದ ಕೂಡಲೇ ನನಗೆ ಆ ಡಬ್ಬಿ ನೆನಪಾಯಿತು. ನೀವು ಬಾಯಿ ಸುಟ್ಟುಕೊಂಡು ತಿಂದಿರಿ. ನನಗೆ ಸಂತೋಷವಾಯಿತು. ಹಿಂತಿರುಗುವಾಗ ನಿಮ್ಮಲ್ಲೊಬ್ಬರು, "ಅಜ್ಜಿ, ಇವರ ಊರಲ್ಲಿ ನಾಯಿ ತಿಂತಾರಂತೆ" ಅಂದಿರಿ. ಇನ್ನೊಬ್ಬರು ಕಿಸಕ್ಕನೆ ನಕ್ಕಿರಿ. ಯಾರು ಎಂದು ನಾನು ಬರೆಯುವುದಿಲ್ಲ.

ನಾನು ದಾರಿಯುದ್ದಕ್ಕೂ ನಿಮ್ಮ ಹಿಂದೆ ಉಳಿದು ನಡೆದೆ. ಕಾಲು ನೋಯುತ್ತಿರಬೇಕು ಎಂದುಕೊಂಡಿರಿ.

ಆ ಹಿತ್ತಾಳೆ ಡಬ್ಬಿ ನನ್ನ ಮಂಚದ ಕೆಳಗಿದೆ. ಈ ಭಾನುವಾರ ರಾಗಿ ಹಿಟ್ಟಿನಲ್ಲಿ ಕಡುಬು ಮಾಡುತ್ತೇನೆ, ಅಂಚು ಚಿವುಟಿ, ಒಳಗೆ ಕಾಯಿ ಬೆಲ್ಲ ಇಟ್ಟು. ನೀವು ಅದನ್ನು ತೆಗೆದುಕೊಂಡು ಹೋಗಿ ಆ ಹುಡುಗನಿಗೆ ಕೊಡಬೇಕು. ಮೊದಲು ಅವನ ಹೆಸರು ಕೇಳಿ. ಅವನು ನಮ್ಮ ರೂಢಿ ತಿಳಿಯದೆ ಡಬ್ಬಿಯನ್ನು ಖಾಲಿ ಕೊಟ್ಟರೂ ಪರವಾಗಿಲ್ಲ. ತುಂಬಿ ಕೊಟ್ಟರೆ ಮುಚ್ಚಳ ತೆಗೆಯಬೇಡಿ. ಹಾಗೇ ನನ್ನ ಹತ್ತಿರ ತನ್ನಿ. ಮೊದಲ ತುತ್ತು ನಾನು ತಿನ್ನಬೇಕು.