ಹಸಿರಣ್ಣನ ಮನೆಯ ಹುಲ್ಲು

ನಮ್ಮ ಯಜಮಾನರನ್ನು ಬೀದಿಯವರೆಲ್ಲ ಹಸಿರಣ್ಣ ಎಂದು ಕರೆಯುತ್ತಾರೆ. ಹೆಸರು ಕೇಳಿ, ಪಾಪ, ತೋಟಗೀಟ ಮಾಡುವ ಮನುಷ್ಯ ಇರಬೇಕು ಅಂದುಕೊಂಡೀರಿ. ಒಂದು ಕುಂಡಕ್ಕೆ ನೀರು ಹಾಕಿ ಗೊತ್ತಿಲ್ಲದ ಆಸಾಮಿ. ಅವರು ಮಾರುವುದು, ಹಾಸುವುದು ಪ್ಲಾಸ್ಟಿಕ್ ಹುಲ್ಲು. ಬಾಲ್ಕನಿ, ತಾರಸಿ, ಅಂಗಡಿಯ ಮುಂಭಾಗ, ಎಲ್ಲಿ ಒಂದು ತುಂಡು ನೆಲ ಖಾಲಿ ಕಂಡರೂ ಜೇಬಿನಿಂದ ಅಳತೆ ಟೇಪು ಈಚೆಗೆ ಬರುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ತವರಿಗೆ ಬಂದವರು ನಮ್ಮಪ್ಪನ ಜೊತೆ ಕಷ್ಟಸುಖ ಮಾತಾಡುತ್ತಲೇ ಚಪ್ಪಲಿ ಬಿಡುವ ಜಾಗವನ್ನು ಕಣ್ಣಲ್ಲೇ ಅಳೆದಿದ್ದರು. ಮುಂದಿನ ಸಲ ಅಳಿಯ ಹಣ್ಣುಹಂಪಲು ತಂದಾನೆಂದು ನಮ್ಮಮ್ಮ ಕಾದಿದ್ದರೆ, ಇವರು ಹೆಗಲ ಮೇಲೆ ಹಸಿರು ಸುರುಳಿ ಹೊತ್ತು ಬಂದರು.

ಮಾತು ಅಂದರೆ ಅವರ ಮಾತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಇವರು ಬರಗಾಲಕ್ಕೇ ಹುಲ್ಲು ಮಾರಿಯಾರು. "ನೀರು ಬೇಡ, ಗೊಬ್ಬರ ಬೇಡ, ಕತ್ತರಿಸೋ ಹಾಗಿಲ್ಲ, ಒಣಗೋ ಹಾಗಿಲ್ಲ, ಹೆಂಡ್ತಿ ಮುನಿಸ್ಕೊಂಡ್ರೂ ಇದು ಹಸಿರಾಗೇ ಇರುತ್ತೆ ಸ್ವಾಮೀ" ಅನ್ನುವುದು ಗಿರಾಕಿಗಳಿಗೆ ಅವರ ಬಾಯಿಪಾಠ. ನಾನು ಮುನಿಸಿಕೊಳ್ಳುವುದು ಆ ಕೊನೆಯ ಮಾತಿಗೇ ಎಂಬುದು ಅವರಿಗೆ ಇಂದಿಗೂ ಹೊಳೆದಿಲ್ಲ.

ಇಂಥವರ ಮನೆಯ ಮುಂದೆ ಮಾತ್ರ ಇದ್ದದ್ದು ನಿಜವಾದ ಹುಲ್ಲು. ನಾಲ್ಕು ಮಂಚ ಹಾಕಿದರೆ ತುಂಬಿಹೋಗುವಷ್ಟು ಅಂಗಳ, ಅದರ ತುಂಬ ಗರಿಕೆ. ಅದನ್ನು ನೆಟ್ಟು ಬೆಳೆಸಿದ್ದು ನಮ್ಮತ್ತೆ. ಊರಿಗೆಲ್ಲ ಪ್ಲಾಸ್ಟಿಕ್ ಹಾಸುವ ಮಗ ಅಮ್ಮನ ಗರಿಕೆಯ ತಂಟೆಗೆ ಹೋಗಿರಲಿಲ್ಲ. ಹೋದರೆ ಅತ್ತೆ ಸುಮ್ಮನಿರುವ ಪೈಕಿಯೂ ಅಲ್ಲ. ಹೊಲಿಗೆ ಮೆಷಿನ್ ತುಳಿದು ಒಬ್ಬರೇ ಮಗನನ್ನು ಸಾಕಿದ ಗಟ್ಟಿಗಿತ್ತಿ ಅವರು.

ಆ ಗಟ್ಟಿಗಿತ್ತಿ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮನೆಯೊಳಗಿನ ನುಣುಪು ನೆಲ ಕಂಡರೆ ಸಾಕು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನನ್ನ ಭುಜ, ಉಸಿರು ಬಿಗಿ ಹಿಡಿದುಬಿಡುತ್ತಿದ್ದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಡಾಕ್ಟರಮ್ಮ ನಮ್ಮಿಬ್ಬರನ್ನೂ ಬಾಗಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದರು.

"ಮೂಳೆ ಚೆನ್ನಾಗಿದೆ. ಭಯಾನೇ ಜಾಸ್ತಿ ಇರೋದು. ಈ ಬೇಸಿಗೆ ಮುಗಿಯೋದ್ರೊಳಗೆ ಕೋಲು ಬಿಡಿಸ್ಬೇಕು. ಇಲ್ಲಾಂದ್ರೆ ಆಮೇಲೆ ಕುರ್ಚಿಗೇ ಅಂಟ್ಕೊಂಡ್ಬಿಡ್ತಾರೆ. ದಿನಾ ಮೆತ್ತನೆ ನೆಲದ ಮೇಲೆ ಬರಿಗಾಲಲ್ಲಿ ನಡೆಸಿ. ಪಾದಕ್ಕೆ ನೆಲ ತಿಳೀಬೇಕು."

ಮೆತ್ತನೆ ನೆಲಕ್ಕೆ ಎಲ್ಲಿಗೆ ಹೋಗೋಣ? ಅಂಗಳವೇ ಇತ್ತಲ್ಲ. ಬೆಳಿಗ್ಗೆ ಅತ್ತೆಯ ಕಾಲು ಮರದ ಕೊರಡು, ಮಡಚುತ್ತಲೇ ಇರಲಿಲ್ಲ. ಹಾಗಾಗಿ ಸಂಜೆ, ಮೈ ಸಡಿಲವಾದ ಮೇಲೆ, ಗರಿಕೆಯ ಮೇಲೆ ನಡಿಗೆ ಶುರುವಾಯಿತು. "ಬಿದ್ರೂ ಹುಲ್ಲು ತಾನೇ, ಎತ್ಕೊಳ್ಳುತ್ತೆ" ಅನ್ನುತ್ತ ಅತ್ತೆ ದಿನಕ್ಕಿಷ್ಟು ದೂರ ಹೋಗತೊಡಗಿದರು. ಒಂದು ಸಂಜೆ ನನ್ನ ಭುಜದಿಂದ ಕೈ ತೆಗೆದರು. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಸಂತೋಷಕ್ಕೆ ಅಳುವುದನ್ನು ಅವರೆದುರು ತೋರಿಸಿದರೆ "ಯಾರು ಸತ್ರೇ?" ಅಂದುಬಿಡುತ್ತಾರೆ.

ಇನ್ನು ಕೋಲೊಂದೇ ಬಾಕಿ ಅನ್ನುವಷ್ಟರಲ್ಲಿ ಬಿಸಿಲು ಏರಿತು. ಅದೆಂಥ ಬಿಸಿಲು ಅಂತೀರಿ, ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಗರಿಕೆ ಹಳದಿಗೆ ತಿರುಗಿ ಅಲ್ಲಲ್ಲಿ ಮಣ್ಣು ಬಾಯಿಬಿಟ್ಟಿತು. ಅಂಥ ಒಂದು ಬಿರುಕಿಗೆ ಕೋಲು ಸಿಕ್ಕಿ ಅತ್ತೆ ಮುಗ್ಗರಿಸಿದರು. ನಾನು ಹಿಡಿದುಕೊಂಡೆ, ಬೀಳಲಿಲ್ಲ. ಆದರೆ ಮರುದಿನ ಮತ್ತೆ ನನ್ನ ಭುಜದ ಮೇಲೆ ಕೈ ಬಂತು.

ಯಜಮಾನರು ಎದ್ದುನಿಂತರು. "ಸಾಕು. ಊರಿಗೆಲ್ಲ ಹಾಸ್ತೀನಿ, ನಮ್ಮಮ್ಮನಿಗೆ ಹಾಸ್ದೇ ಇರ್ತೀನಾ? ಗುಂಡಿ ಇಲ್ಲ, ತಗ್ಗಿಲ್ಲ, ಹತ್ತಿ ಹಾಸಿಗೆ ಹಾಗೆ ಇರುತ್ತೆ."

"ರೀ, ಬಿಸಿಲಲ್ಲಿ ಅದು ಕಾಯಲ್ವಾ?" ಎಂದೆ.

"ನನ್ನ ಕಸುಬು ನನಗೇ ಹೇಳ್ಕೊಡ್ತೀಯೇನೆ?"

ಹೇಳಿಕೊಡಲಿಲ್ಲ. ನನಗೂ ಅತ್ತೆ ಬೀಳದಿದ್ದರೆ ಸಾಕಾಗಿತ್ತು.

ರಜಾದಿನ ಗರಿಕೆಯನ್ನು ಕಿತ್ತು, ನೆಲ ದಮ್ಮಸು ಮಾಡಿ, ಮೇಲೆ ಸಣ್ಣ ಜಲ್ಲಿ ಹಾಕಿ, ಅಂಗಡಿಯಲ್ಲಿದ್ದ ಅತ್ಯಂತ ದಪ್ಪ ಹಾಸನ್ನೇ ತಂದು ಹಾಸಿದರು. ಅವರು ಹಾಸುವುದನ್ನು ನೋಡುವುದೇ ಒಂದು ಚೆಂದ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಮೊದಲು ಅಂಗೈಯಲ್ಲಿ ಸವರಿ ಎಳೆಗಳು ಯಾವ ಕಡೆ ಒರಗಿವೆ ನೋಡುತ್ತಾರೆ. ಎಲ್ಲ ತುಂಡುಗಳ ಎಳೆಯೂ ಒಂದೇ ಕಡೆ, ನೋಡುವವರ ಕಡೆಗೇ ಒರಗಬೇಕು. ಇಲ್ಲದಿದ್ದರೆ ಒಂದು ಪಟ್ಟಿ ಕಡುಹಸಿರು, ಪಕ್ಕದ್ದು ತಿಳಿಹಸಿರು ಕಂಡು ತೇಪೆ ಹಾಕಿದ ಹಾಗಾಗುತ್ತದೆ. ಕೊನೆಗೆ ಚಾಕು ಹಿಡಿದು ಅಂಚನ್ನೆಲ್ಲ ದಾರ ಹಿಡಿದಂತೆ ಕೊಯ್ದರು. ಅತ್ತೆ ಜಗುಲಿಯ ಕುರ್ಚಿಯಲ್ಲಿ ಕೂತು ದಾರಿಹೋಕರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು. ತಾವೇ ನೆಟ್ಟ ಗರಿಕೆ ಹೋಯಿತೆಂದು ಒಂದು ಮಾತು ಬೇಕಲ್ಲ, ಊಹೂಂ. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಸಂಜೆ ಮೋಡ ಮುಸುಕಿತ್ತು, ಅತ್ತೆ ಖುಷಿಯಿಂದಲೇ ನಡೆದರು. ಯಜಮಾನರು ಮೀಸೆಯ ಮೇಲೆ ಕೈಯಾಡಿಸುತ್ತ ನನ್ನ ಕಡೆ ನೋಡಿದರು.

ಮೋಡ ಹೋಯಿತು. ಅದರ ಹಿಂದೆಯೇ ಅತ್ತೆಯ ನಡಿಗೆಯೂ ಹೋಯಿತು. ಸಂಜೆಯಾದರೆ ಒಂದೊಂದು ನೆಪ. "ಇವತ್ಯಾಕೋ ತಲೆ ಭಾರ." "ಇವತ್ತು ಬೇಡ ಕಣೇ, ಹೊಟ್ಟೆ ಸರಿ ಇಲ್ಲ." ಮಗ ಕೇಳಿದರೆ ಮಾತ್ರ, "ಆಯ್ತಪ್ಪ, ಆಗ್ಲೇ ನಡೆದೆ, ಏನ್ ಮೆತ್ತಗಿದೆ ಅಂತೀಯ!" ನಾನು ಅಡುಗೆಮನೆಯಿಂದ ಇಣುಕುತ್ತಿದ್ದೆ, ಕುರ್ಚಿ ಬಿಟ್ಟು ಎದ್ದಿರುತ್ತಲೇ ಇರಲಿಲ್ಲ. ಸೋಮಾರಿತನ ಅಂದುಕೊಂಡು ನನಗೂ ಸಿಟ್ಟು ಬರುತ್ತಿತ್ತು.

ಒಂದು ದಿನ ಅವರ ಕಾಲಿಗೆ ಎಣ್ಣೆ ಹಚ್ಚಲು ಕೂತೆ. ಪಾದ ತಿರುಗಿಸಿದರೆ ಅಂಗಾಲೆಲ್ಲ ಕೆಂಪು ಕೆಂಪು, ಹೆಬ್ಬೆರಳ ಬುಡದಲ್ಲಿ ಒಂದು ಬೊಬ್ಬೆ. ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟೆ.

"ಅತ್ತೆ, ಇದೇನಿದು?"

"ಏನಿಲ್ಲ ಬಿಡು. ಮೊನ್ನೆ ನೀನಿಲ್ದಾಗ ಸ್ವಲ್ಪ ನಡೆದೆ."

"ಕಾದ ಹೆಂಚಿನ ಮೇಲೆ ನಡೆದ ಹಾಗಿದೆಯಲ್ಲ! ಮಗನಿಗೆ ಹೇಳೋಕೇನಾಗಿತ್ತು?"

ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬೀದಿಗೆಲ್ಲ ಕರೆದು ಕರೆದು ತೋರ್ಸಿದೀನಿ. ಈಗ ನನ್ನ ಮಗನ ಕೆಲಸಾನ ನಾನೇ ಆಡ್ಕೊಂಡ್ರೆ ಅವನ ಹತ್ರ ಯಾರು ಬರ್ತಾರೆ? ಕೋಲು ಇದ್ರೆ ಇರ್ಲಿ ಬಿಡು. ಇನ್ನೆಷ್ಟು ದಿನ ಓಡಾಡ್ಬೇಕು ನಾನು?"

ಆ ಕೊನೆಯ ಮಾತು ನನಗೆ ತಡೆಯಲಿಲ್ಲ. ಇಷ್ಟು ದಿನ ಸೋಮಾರಿ ಅಂದುಕೊಂಡೆನಲ್ಲ ಅಂತ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಯಜಮಾನರ ಮೇಲೆ ಸಿಟ್ಟು ಉರಿಯಿತು. ಸಂಜೆ ಅವರು ಬರುವುದನ್ನೇ ಕಾದು ಗೇಟಿನಲ್ಲೇ ಹಿಡಿದೆ.

"ಚಪ್ಪಲಿ ಬಿಡ್ರಿ."

"ಯಾಕೆ?"

"ಬಿಡ್ರೀ ಅಂದ್ರೆ! ನಿಮ್ಮ ಹತ್ತಿ ಹಾಸಿಗೆ ಮೇಲೆ ನಿಂತ್ಕೊಳ್ಳಿ ನೋಡೋಣ."

ನಿಂತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ, ನಿಲ್ಲದೆ ಬಿಟ್ಟಾರೆಯೇ? "ಎಲ್ಲಿ ಬಿಸಿ? ಬೆಚ್ಚಗಿದೆ ಅಷ್ಟೆ" ಅಂದರು. ಅನ್ನುವಾಗಲೇ ಒಂದು ಕಾಲು ಮೇಲೆದ್ದಿತ್ತು. ಆ ಕಾಲು ಇಳಿಯಿತು, ಈ ಕಾಲು ಎದ್ದಿತು. ಹಣೆಯಲ್ಲಿ ಬೆವರು, ಮುಖದಲ್ಲಿ ನಗು. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಹಸಿರಣ್ಣ, ಡ್ಯಾನ್ಸ್ ಕ್ಲಾಸ್ ಯಾವಾಗ ಸೇರಿದ್ರಿ?" ಅಂದರು. ಯಜಮಾನರು ಒಂದೇ ನೆಗೆತಕ್ಕೆ ಜಗುಲಿಯಲ್ಲಿದ್ದರು.

ಆದರೂ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ನೀರು ಹಾಕಿದ್ರೆ ತಣ್ಣಗಾಗುತ್ತೆ" ಎಂದು ಬಕೆಟ್ ತಂದರು. ಸುರಿದಾಗ ತಣ್ಣಗಾಯಿತು ನಿಜ. ಆದರೆ ಮುಳುಗುವವರೆಗೂ ಪಡುವಣ ಬಿಸಿಲು ನೇರ ಬೀಳುವ ಅಂಗಳ ನಮ್ಮದು, ಕತ್ತಲಾದರೆ ಅತ್ತೆಗೆ ಕಾಲಿಡಲು ಭಯ; ಅವರನ್ನು ಹಿಡಿದು ಮೆಟ್ಟಿಲಿಳಿಸುವಷ್ಟರಲ್ಲಿ ಮತ್ತೆ ಕಾದಿತ್ತು. ಮತ್ತೊಂದು ಬಕೆಟ್. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಅದೇ ಕೆಲಸ ದಿನಾ ನಡೆಯಿತು. ಗರಿಕೆಗೆ ನೀರಿಲ್ಲ ಅಂತ ಗರಿಕೆ ಕಿತ್ತ ಮನೆಯಲ್ಲಿ ಪ್ಲಾಸ್ಟಿಕ್‌ಗೆ ನೀರು ಹೊರುವುದೇ ಕೆಲಸವಾಯಿತು, ನನಗೆ ಪಾತ್ರೆ ತೊಳೆಯಲು ನೀರಿಲ್ಲ. ಒಂದು ದಿನ ಮೇಷ್ಟ್ರು ಕೇಳಿಯೇಬಿಟ್ಟರು: "ಗೊಬ್ಬರ ಯಾವುದು ಹಾಕ್ತೀರಿ, ಹಸಿರಣ್ಣ?"

ಆ ಸಂಜೆ ಯಜಮಾನರು ಅಮ್ಮನ ಕಾಲ ಹತ್ತಿರ ನೆಲದ ಮೇಲೆ ಕೂತರು. ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ನೋಡಿದರು. ಬೊಬ್ಬೆ ಆಗ ಒಣಗುತ್ತಿತ್ತು. ನಾನು ಅವರಿಗೆ ಎಲ್ಲ ಹೇಳಿಬಿಟ್ಟಿದ್ದೆ, ಕೋಲು ಇದ್ರೆ ಇರ್ಲಿ ಅಂದದ್ದನ್ನೂ.

"ಅಮ್ಮ, ಸುಟ್ರೂ ಯಾಕಮ್ಮ ಸುಮ್ನಿದ್ದೆ?"

"ನೀನು ಚಿಕ್ಕವನಿದ್ದಾಗ ಮೊದಲ್ನೇ ಸಲ ಮಾಡಿಕೊಟ್ಟ ಟೀ ಕುಡಿದಿರ್ಲಿಲ್ವೇನೋ? ಸಕ್ಕರೆ ಬದಲು ಉಪ್ಪು ಹಾಕಿದ್ದೆ ನೀನು."

ಯಜಮಾನರ ಕಣ್ಣು ತುಂಬಿತು. ಎದ್ದುಹೋಗಿ ಹಾಸಿನ ಮೂಲೆ ಹಿಡಿದು ಎಳೆದರು. ಇನ್ನೂ ಬೆಳಕಿರುವಾಗಲೇ, ಇಡೀ ಬೀದಿಗೆ ಕಾಣುವ ಹಾಗೆ ಸುರುಳಿ ಸುತ್ತಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿದರು. ಆ ಹಾಸೀಗ ಹಿತ್ತಲ ಸೂರಿನಡಿ, ಬಿಸಿಲು ಬೀಳದ ಬಟ್ಟೆ ಒಗೆಯುವ ಜಾಗದಲ್ಲಿದೆ. ಅಲ್ಲಿ ಅದು ಬಂಗಾರ, ಕಾಲಿಗೆ ಕೆಸರಿಲ್ಲ. ಯಜಮಾನರ ವ್ಯಾಪಾರವೂ ನಿಂತಿಲ್ಲ. ಗಿರಾಕಿ ಬಂದರೆ ಟೇಪು ತೆಗೆಯುವ ಮೊದಲು "ಬಿಸಿಲು ಎಷ್ಟು ಹೊತ್ತು ಬೀಳುತ್ತೆ? ಬರಿಗಾಲಲ್ಲಿ ಯಾರು ಓಡಾಡ್ತಾರೆ?" ಎಂದು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಸು ಕಿತ್ತ ಮರುದಿನವೇ ಮೇಷ್ಟ್ರ ಹಿತ್ತಲಿಂದ ಒಂದು ಚೀಲ ಗರಿಕೆ ಬಂತು. ಯಜಮಾನರು ಜಲ್ಲಿ ಬಾಚಿ ತೆಗೆದರು, ನಾನು ಬಟ್ಟೆ ಹಿಂಡಿದ ಕೊನೆಯ ನೀರನ್ನೆಲ್ಲ ಅಂಗಳಕ್ಕೆ ಹಾಕಿ ಮಣ್ಣು ಮೆದು ಮಾಡಿದೆ. ಮೇಲೆ ನೆರಳಿಗೆ ಯಜಮಾನರೇ ಹಸಿರು ಪರದೆ ಕಟ್ಟಿದರು. ಅತ್ತೆಯನ್ನು ಜಗುಲಿಯ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಕೋಲು ಒರಗಿಸಿ, ನಾವಿಬ್ಬರೂ ಕೆಲಸಕ್ಕೆ ಕೂತೆವು. ಹುಲ್ಲು ಕಚ್ಚಿಕೊಳ್ಳುವ ಹೊತ್ತಿಗೆ ಬೇಸಿಗೆಯೇ ಮುಗಿದಿರುತ್ತದಲ್ಲ, ಆಮೇಲೆ ಅತ್ತೆ ನಡೆದಾರೋ ಇಲ್ಲವೋ ಅನ್ನುವ ಯೋಚನೆ ನನ್ನ ತಲೆ ತಿನ್ನುತ್ತಿತ್ತು. ಡಾಕ್ಟರಮ್ಮ ಹಿಂದಿನ ದಿನವಷ್ಟೇ, ಹೀಗಾದರೆ ಕೋಲು ಬಿಡಿಸುವುದು ಕಷ್ಟ ಎಂದು ತಲೆಯಾಡಿಸಿ ಹೋಗಿದ್ದರು.

ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಯಜಮಾನರು ಅರ್ಧ ಅಂಗಳ ನೆಟ್ಟಿದ್ದರು. ಸಾಲು ಸಾಲಾಗಿ, ನೂಲು ಹಿಡಿದಂತೆ. ಒಂದೊಂದು ಗರಿಕೆಯೂ ಗೇಟಿನ ಕಡೆಗೇ ಒರಗಿ ನಿಂತಿತ್ತು.

ಜಗುಲಿಯಿಂದ ಅತ್ತೆ ಕೂಗಿದರು. "ಯಾಕೋ ಎಲ್ಲಾನೂ ಆ ಕಡೆ ಬಗ್ಗಿಸಿದೀಯ?"

"ಬೀದಿಯಿಂದ ನೋಡಿದ್ರೆ ಒಂದೇ ಬಣ್ಣ ಕಾಣ್ಬೇಕಲ್ಲಮ್ಮ."

"ಅಯ್ಯೋ ನಿನ್ನ! ಬೆಳೆಯೋ ಹುಲ್ಲಿಗೆ ಮುಖ ಯಾವುದು, ಬೆನ್ನು ಯಾವುದೋ? ಅದು ಸೂರ್ಯನ್ನ ನೋಡುತ್ತೆ, ನಿನ್ನ ಗಿರಾಕೀನ ನೋಡಲ್ಲ!"

ಯಜಮಾನರು ತಲೆಯಾಡಿಸಿ ಮತ್ತೊಂದು ಹಿಡಿ ಎತ್ತಿಕೊಂಡರು. ಹಾಸು ಕೊಯ್ಯುವ ಚಾಕು ತೆಗೆದು, ಹಿಡಿಯ ಬುಡವನ್ನು ಹಲಗೆಯ ಮೇಲಿಟ್ಟು, ಒಂದೇ ಏಟಿಗೆ ಸಮ ಮಾಡಿದರು. ಬೇರುಗಳೆಲ್ಲ ಪಕ್ಕಕ್ಕೆ ಬಿದ್ದವು. ಅಲ್ಲೇ ಒಂದು ರಾಶಿ ಬಿದ್ದಿತ್ತು, ಅಚ್ಚುಕಟ್ಟಾಗಿ ಗುಡಿಸಿಟ್ಟಿದ್ದರು.

"ಏನೋ ಅದು ಕೊಯ್ತಿರೋದು?"

"ಉದ್ದುದ್ದ ಎಳೆ ಜೋತಾಡ್ತಿತ್ತಮ್ಮ, ಅಂಚು ನೀಟಾಗಿ ಬರಲ್ಲ. ಅದಕ್ಕೇ ಟ್ರಿಮ್ ಮಾಡ್ತಿದೀನಿ."

"ಬೇರು ಕಣೋ ಅದು, ಬೇರು! ಬೇರು ಕೊಯ್ದು ಹುಲ್ಲು ನೆಡ್ತಾನಂತೆ! ಅಯ್ಯೋ ಅಯ್ಯೋ, ಇವನನ್ನ ಹೆತ್ತು ನಾನು... ಬಿಡೋ! ಚಾಕು ಬಿಡೋ ಕೆಳಗೆ!"

ನನ್ನ ಕೈಯಲ್ಲಿ ನೀರಿನ ಬಕೆಟ್ ಇತ್ತು. ಅತ್ತೆ ನನ್ನ ಪಕ್ಕದಿಂದಲೇ ಹಾದುಹೋದರು. ಮೆಟ್ಟಿಲಿಳಿದರು, ಹಸಿ ಮಣ್ಣಿನ ಮೇಲೆ ಬರಿಗಾಲಲ್ಲಿ ದಡದಡ ನಡೆದರು, ಮಗನ ಕೈಯಿಂದ ಗರಿಕೆಯ ಹಿಡಿ ಕಿತ್ತುಕೊಂಡರು. ನಾನು ಬಕೆಟ್ ಹಿಡಿದಲ್ಲೇ ನಿಂತೆ.

"ದಡ್ಡ ಮುಂಡೇದೇ! ಕೋಲೆಲ್ಲೋ, ಕೊಡಿಲ್ಲಿ. ಎರಡು ಬಿಟ್ರೆ ಬುದ್ಧಿ ಬರುತ್ತೆ ನಿನಗೆ!"

ಯಾರೂ ಕೊಡಲಿಲ್ಲ. ಯಜಮಾನರು ಮಂಡಿಯೂರಿದಲ್ಲೇ ಅಮ್ಮನ ಕೆಸರು ಪಾದ ನೋಡಿದರು. ಆಮೇಲೆ ಜಗುಲಿ ನೋಡಿದರು. ಅತ್ತೆಯೂ ತಿರುಗಿ ನೋಡಿದರು. ಕೋಲು ಅಲ್ಲೇ, ಕುರ್ಚಿಗೆ ಒರಗಿಕೊಂಡಿತ್ತು. ಅತ್ತೆಯ ಸಿಟ್ಟೆಲ್ಲ ಒಂದು ಕ್ಷಣ ಎಲ್ಲಿ ಹೋಯಿತೋ, ಕೈ ನನ್ನ ಭುಜ ಹುಡುಕಿತು. ನಾನು ಬಕೆಟ್ ಇಟ್ಟು ಓಡಬೇಕೆಂದಿದ್ದೆ, ಯಜಮಾನರು ಬೇಡವೆಂದು ಕಣ್ಣಲ್ಲೇ ತಡೆದರು.

"ನೀನೇ ಹೋಗಿ ತಗೊಂಡ್ಬಾಮ್ಮ," ಅಂದರು.

ಅತ್ತೆ ಜಗುಲಿ ನೋಡಿದರು, ತಮ್ಮ ಕಾಲು ನೋಡಿಕೊಂಡರು.

"ತರ್ತೀನಿ ಕಣೋ. ನನಗೇನು ಹೆದರಿಕೇನಾ?"

ಹೋದರು. ಮೆಟ್ಟಿಲು ಹತ್ತಿದರು. ಕೋಲು ತಂದರು. ಹೇಳಿದ ಹಾಗೆಯೇ ಎರಡು ಬಿಟ್ಟರು ಕೂಡ. ಯಜಮಾನರು ಅಳುತ್ತ ನಗುತ್ತ ಬೆನ್ನು ಕೊಟ್ಟುಕೊಂಡು ಕೂತಿದ್ದರು.